ಅಂಕಿ, ಮಾತು ಮತ್ತು ಭರವಸೆ: ಮರುಕಳಿಸುವ ಕ್ಯಾನ್ಸರಿನ ಮೂರು ಸಾಕ್ಷ್ಯಗಳು

ರೋಗವನ್ನು ಕುರಿತ ಬರವಣಿಗೆ ಸಾಮಾನ್ಯವಾಗಿ ಎರಡು ಜಾಡುಗಳಲ್ಲಿ ಸಾಗುತ್ತದೆ. ರೋಗಿ ಗುಣಹೊಂದಿದರೆ ಅದು ವಿಜಯದ ಕಥನವಾಗುತ್ತದೆ. ತೀರಿಕೊಂಡರೆ ಶೋಕದ ಕಥನವಾಗುತ್ತದೆ. ಇವೆರಡರ ನಡುವೆ ಮೂರನೆಯ ಸ್ಥಿತಿಯೊಂದುಂಟು. ಚಿಕಿತ್ಸೆ ಮುಗಿದಿದೆ, ಆದರೆ ಗುಣವಾಯಿತೆಂದು ವೈದ್ಯರು ಹೇಳಲಾರರು. ಮೂರು ತಿಂಗಳಿಗೊಮ್ಮೆ, ಆರು ತಿಂಗಳಿಗೊಮ್ಮೆ ಸ್ಕ್ಯಾನ್ ಆಗಬೇಕು. ಅದರ ವರದಿ ಬರುವವರೆಗೆ ಮಗಳ ಮದುವೆಯ ದಿನ ಗೊತ್ತುಮಾಡುವುದೋ ಬೇಡವೋ, ಅಂಗಡಿಗೆ ಹೊಸ ಸರಕು ತರಿಸುವುದೋ ಬೇಡವೋ ತಿಳಿಯದು. ರೋಗ ಮರುಕಳಿಸಿದರೆ ಮತ್ತೆ ಮೊದಲಿನಿಂದ ಎಲ್ಲವೂ ಆರಂಭ. ಈ ಸ್ಥಿತಿಯಲ್ಲಿ ವರ್ಷಗಟ್ಟಲೆ ಬದುಕುವ ಜನರ ಸಂಖ್ಯೆ ಔಷಧಿಗಳು ಸುಧಾರಿಸಿದಂತೆಲ್ಲ ಹೆಚ್ಚುತ್ತಿದೆ. ಆದರೂ ಈ ನಡುವಣ ಕಾಲವನ್ನು ಪ್ರಾಮಾಣಿಕವಾಗಿ ಬರೆದವರು ವಿರಳ.

ಅಂಥ ವಿರಳರಲ್ಲಿ ಮೂವರ ಬರಹಗಳನ್ನು ಒಟ್ಟಿಗೆ ಇಟ್ಟು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಮೊದಲನೆಯದು ಅಮೆರಿಕದ ಜೀವವಿಜ್ಞಾನಿ ಸ್ಟೀಫನ್ ಜೇ ಗೂಲ್ಡ್ 1985ರಲ್ಲಿ ‘ಡಿಸ್ಕವರ್’ ಪತ್ರಿಕೆಗೆ ಬರೆದ ಪುಟ್ಟ ಪ್ರಬಂಧ, ‘ದಿ ಮೀಡಿಯನ್ ಈಸಂಟ್ ದಿ ಮೆಸೇಜ್’. ಎರಡನೆಯದು ವಿಚಾರವಂತ ಲೇಖಕಿ ಸೂಸನ್ ಸೋಂಟಾಗ್ ಅವರ ‘ಇಲ್‌ನೆಸ್ ಆ್ಯಸ್ ಮೆಟಫರ್’ (1978). ಅದಕ್ಕೆ ಉತ್ತರಭಾಗವೆಂಬಂತೆ ಅವರ ಮಗ ಡೇವಿಡ್ ರೀಫ್ ಬರೆದ ‘ಸ್ವಿಮ್ಮಿಂಗ್ ಇನ್ ಎ ಸೀ ಆಫ್ ಡೆತ್’ (2008). ಮೂರನೆಯದು ದಕ್ಷಿಣ ಭಾರತೀಯ ಮೂಲದ ನರಶಸ್ತ್ರವೈದ್ಯ ಪಾಲ್ ಕಲಾನಿಧಿಯವರ ‘ವೆನ್ ಬ್ರೆತ್ ಬಿಕಮ್ಸ್ ಏರ್’ (2016). ಇವರು ಒಂದೇ ಪ್ರಶ್ನೆಯನ್ನು ಮೂರು ಕಡೆಗಳಿಂದ ಎತ್ತಿದ್ದಾರೆ. ಗೂಲ್ಡ್ ಅಂಕಿಯ ಕಡೆಯಿಂದ, ಸೋಂಟಾಗ್ ಮಾತಿನ ಕಡೆಯಿಂದ, ಕಲಾನಿಧಿ ಕಾಲದ ಕಡೆಯಿಂದ. ಕನ್ನಡದಲ್ಲಿ ಈ ರೋಗಕ್ಕೆ ಬಳಕೆಯಲ್ಲಿರುವ ‘ಅರ್ಬುದ’ ಎಂಬ ಪದಕ್ಕೆ ಗಡ್ಡೆಯೆಂದೂ ಅರ್ಥವಿದೆ, ದೊಡ್ಡ ಸಂಖ್ಯೆಯೊಂದರ ಹೆಸರೆಂದೂ ಅರ್ಥವಿದೆ. ಈ ರೋಗಕ್ಕೆ ಗುರಿಯಾದವನು ಗಡ್ಡೆಯೊಂದಿಗೆ ಸಂಖ್ಯೆಯನ್ನೂ ಹೊತ್ತು ತಿರುಗಬೇಕಾಗುತ್ತದೆ ಎಂಬುದನ್ನು ಕಂಡಾಗ ಈ ದ್ವಂದ್ವಾರ್ಥ ಅನುಚಿತವೆನಿಸುವುದಿಲ್ಲ.

ಅಂಕಿಯನ್ನು ಓದುವ ಬಗೆ

1982ರ ಜುಲೈ ತಿಂಗಳಿನಲ್ಲಿ ಗೂಲ್ಡ್ ಅವರಿಗೆ ಉದರದ ಒಳಪೊರೆಯ ಮೀಸೋಥೀಲಿಯೋಮಾ ಎಂಬ ಕ್ಯಾನ್ಸರ್ ಇರುವುದು ಪತ್ತೆಯಾಯಿತು. ಕಲ್ನಾರಿನ ಸಂಪರ್ಕದೊಡನೆ ಸಾಮಾನ್ಯವಾಗಿ ಹೆಸರಿಸಲ್ಪಡುವ ವಿರಳ ರೋಗ ಇದು. ಅವರಿಗಾಗ ನಲವತ್ತು ವರ್ಷ. ಈ ರೋಗದ ಬಗ್ಗೆ ಏನು ಓದಬೇಕೆಂದು ವೈದ್ಯರನ್ನು ಕೇಳಿದಾಗ, ಓದತಕ್ಕದ್ದು ವಿಶೇಷವೇನೂ ಇಲ್ಲವೆಂಬರ್ಥದ ನಯವಾದ ಉತ್ತರ ದೊರೆಯಿತು. ಹಾರ್ವರ್ಡಿನ ವೈದ್ಯಕೀಯ ಗ್ರಂಥಾಲಯಕ್ಕೆ ಹೋಗಿ ನೋಡಿದಾಗ ಆ ನಯದ ಕಾರಣ ತಿಳಿಯಿತು. ರೋಗಕ್ಕೆ ಪರಿಹಾರವಿಲ್ಲ, ಪತ್ತೆಯಾದ ಬಳಿಕ ಆಯುಷ್ಯದ ಮಧ್ಯಾಂಕ ಎಂಟು ತಿಂಗಳು ಎಂದು ಅಲ್ಲಿ ಬರೆದಿತ್ತು.

ಸಾಮಾನ್ಯ ಓದುಗನು ಇದನ್ನು ‘ಇನ್ನು ಎಂಟು ತಿಂಗಳಲ್ಲಿ ನನ್ನ ಮರಣ’ ಎಂದೇ ಓದುವನು. ಗೂಲ್ಡ್ ಹಾಗೆ ಓದಲಿಲ್ಲ. ಅವರ ತರ್ಕವನ್ನು ವ್ಯಾಪಾರದ ಲೆಕ್ಕವೊಂದರಿಂದ ಸ್ಪಷ್ಟಪಡಿಸಬಹುದು. ಒಬ್ಬ ವರ್ತಕನ ಖಾತೆಯಲ್ಲಿ ಒಂಬತ್ತು ಜನರ ಬಾಕಿ ಇದೆಯೆಂದು ಭಾವಿಸೋಣ. ಅವರು ಬಾಕಿ ತೀರಿಸಲು ತೆಗೆದುಕೊಂಡ ಅವಧಿ ಕ್ರಮವಾಗಿ 1, 2, 3, 5, 8, 14, 30, 60 ಮತ್ತು 120 ತಿಂಗಳು. ನಟ್ಟನಡುವಿನ ಐದನೆಯವನ ಅವಧಿ ಎಂಟು ತಿಂಗಳು, ಇದೇ ಮಧ್ಯಾಂಕ. ಒಟ್ಟು 243 ತಿಂಗಳನ್ನು ಒಂಬತ್ತರಿಂದ ಭಾಗಿಸಿದರೆ ಸರಾಸರಿ 27 ತಿಂಗಳು. ಒಂದೇ ಖಾತೆ, ಎರಡೂ ಉತ್ತರಗಳು ಸರಿ. ಆದರೆ ಹತ್ತು ವರ್ಷ ಕಳೆದು ಬಂದ ಒಂಬತ್ತನೆಯವನನ್ನು ಇವೆರಡೂ ತೋರಿಸುವುದಿಲ್ಲ. ಕೆಳಗಡೆ ಅವಧಿ ಸೊನ್ನೆಗಿಂತ ಕಡಿಮೆಯಾಗಲಾರದು. ಮೇಲ್ಗಡೆ ಅದಕ್ಕೆ ಅಂಥ ಗಡಿಯಿಲ್ಲ. ಆದುದರಿಂದ ಇಂಥ ಲೆಕ್ಕಗಳ ರೇಖೆ ಬಲಗಡೆಗೆ ಉದ್ದನೆಯ ಬಾಲವನ್ನು ಚಾಚಿಕೊಂಡಿರುತ್ತದೆ. ತಾನು ಆ ಬಾಲದಲ್ಲಿ ಇರಬಹುದೇ ಎಂದು ಗೂಲ್ಡ್ ಕೇಳಿಕೊಂಡರು. ವಯಸ್ಸು ಚಿಕ್ಕದು, ರೋಗ ಬೇಗ ಪತ್ತೆಯಾಗಿದೆ, ಉತ್ತಮ ಚಿಕಿತ್ಸೆ ದೊರೆಯುತ್ತಿದೆ, ಹೊಸ ವಿಧಾನವೊಂದರ ಪ್ರಯೋಗಕ್ಕೂ ಅವಕಾಶವಿದೆ. ಹಳೆಯ ಅಂಕಿಗಳು ಹಳೆಯ ಚಿಕಿತ್ಸೆ ಪಡೆದವರವು. ಈ ಕಾರಣಗಳನ್ನು ಒಂದೊಂದಾಗಿ ತೂಗಿನೋಡಿ ಇರಬಹುದೆಂಬ ತೀರ್ಮಾನಕ್ಕೆ ಅವರು ಬಂದರು.

ಗೂಲ್ಡ್ ಇಪ್ಪತ್ತು ವರ್ಷ ಬದುಕಿದರು. 2002ರ ಮೇ 20ರಂದು, ತಮ್ಮ ಅರುವತ್ತನೆಯ ವಯಸ್ಸಿನಲ್ಲಿ, ಬೇರೊಂದು ಕ್ಯಾನ್ಸರಿನಿಂದ ತೀರಿಕೊಂಡರು. ಆ ಪ್ರಬಂಧ ಅಂದಿನಿಂದ ಇಂದಿನವರೆಗೆ ಅಸಂಖ್ಯ ರೋಗಿಗಳ ಕೈಸೇರಿದೆ. ಅದರ ಗುಣವೆಂದರೆ, ಭರವಸೆಯನ್ನು ಅದು ಭಾವನೆಯಿಂದ ಹುಟ್ಟಿಸದೆ ಲೆಕ್ಕದಿಂದ ಹುಟ್ಟಿಸುತ್ತದೆ. ಅಂಕಿಯನ್ನು ತಿರಸ್ಕರಿಸು ಎಂದು ಹೇಳುವ ಹಿತೈಷಿಗಳು ಬಹಳ. ಅಂಕಿಯನ್ನು ಪೂರ್ತಿಯಾಗಿ ಓದು ಎಂದು ಹೇಳಿದವರು ಕಡಿಮೆ.

ಆದರೆ ಪ್ರಬಂಧದಲ್ಲಿ ದೋಷವೂ ಇದೆ. ಮನೋಭಾವ ಒಳ್ಳೆಯದಿದ್ದರೆ ಆಯುಷ್ಯ ಹೆಚ್ಚುತ್ತದೆ ಎಂಬ ಮಾತನ್ನು ಗೂಲ್ಡ್ ಲೆಕ್ಕವಿಲ್ಲದೆ ಒಪ್ಪಿಕೊಂಡಿದ್ದಾರೆ. ಉಳಿದೆಲ್ಲ ಅಂಕಿಗಳನ್ನು ಸಂಶಯದಿಂದ ಕಂಡ ವಿಜ್ಞಾನಿ ಇಲ್ಲಿ ಮಾತ್ರ ಸಂಶಯಪಡಲಿಲ್ಲ. 2007ರಲ್ಲಿ ಪ್ರಕಟವಾದ, ತಲೆ ಮತ್ತು ಕುತ್ತಿಗೆಯ ಕ್ಯಾನ್ಸರಿನ 1,093 ರೋಗಿಗಳನ್ನು ಕುರಿತ ಅಧ್ಯಯನವೊಂದರಲ್ಲಿ ಮಾನಸಿಕ ನೆಮ್ಮದಿಗೂ ಬದುಕಿದ ಅವಧಿಗೂ ಸಂಬಂಧ ಕಂಡುಬರಲಿಲ್ಲ. ನೆಮ್ಮದಿ ತನ್ನಷ್ಟಕ್ಕೆ ತಾನು ಬೇಕಾದದ್ದು ಎಂಬುದು ನಿಜ. ಅದನ್ನು ಔಷಧಿಯೆಂದು ಕೊಟ್ಟರೆ ರೋಗ ಮರುಕಳಿಸಿದವನ ಮೇಲೆ ಇನ್ನೊಂದು ಅಪರಾಧ ಹೊರಿಸಿದಂತಾಗುತ್ತದೆ. ‘ಧೈರ್ಯ ಸಾಲದೆ ಹೋಯಿತು’ ಎಂದು ಮನೆಯವರು ಆಡಿಕೊಳ್ಳುವ ಮಾತಿನ ಮೂಲ ಇಲ್ಲಿಯೇ ಇದೆ.

ಇನ್ನೊಂದು ಕೊರತೆಯೂ ಉಂಟು. ಗೂಲ್ಡ್ ಗ್ರಂಥಾಲಯದಲ್ಲಿ ಕಳೆದ ಹೊತ್ತನ್ನು ಬರೆದರು. ಚಿಕಿತ್ಸೆಯ ನಡುವಿನ ರಾತ್ರಿಗಳನ್ನು ಬರೆಯಲಿಲ್ಲ. ಲೆಕ್ಕವನ್ನು ಒಮ್ಮೆ ಮಾಡಿ ಮುಗಿಸಿದರೆ ಸಾಕೆಂಬ ಭಾವನೆ ಓದುಗನಿಗೆ ಬರಬಹುದು. ಮರುಕಳಿಸುವ ರೋಗದಲ್ಲಿ ಹಾಗಾಗುವುದಿಲ್ಲ. ಮೇಲಿನ ಉದಾಹರಣೆಯಲ್ಲಿ ಎಂಟು ತಿಂಗಳು ದಾಟಿ ಉಳಿದ ನಾಲ್ವರನ್ನೇ ತೆಗೆದುಕೊಂಡರೆ ಅವರ ಮಧ್ಯಾಂಕ 45 ತಿಂಗಳು. ಉಳಿದವನಿಗೆ ಹಳೆಯ ಅಂಕಿ ಅನ್ವಯಿಸದು, ಹೊಸ ಅಂಕಿ ಬೇಕು. ಅಂತೆಯೇ ರೋಗ ಮತ್ತೆ ಕಾಣಿಸಿಕೊಂಡಾಗ ಹಿಂದಿನ ಒಳ್ಳೆಯ ಅಂಕಿಯೂ ರದ್ದಾಗುತ್ತದೆ. ಪ್ರತಿ ಸ್ಕ್ಯಾನಿನ ಬಳಿಕ ಖಾತೆಯನ್ನು ಹೊಸದಾಗಿ ತೆರೆಯಬೇಕು. ಈ ಪುನರಾವೃತ್ತಿಯ ಶ್ರಮ ಗೂಲ್ಡ್ ಅವರ ಪ್ರಬಂಧದಲ್ಲಿ ಕಾಣದು.

ಮಾತಿನ ಹಿಂಸೆ

ಸೋಂಟಾಗ್ ಅವರಿಗೆ ಸ್ತನ ಕ್ಯಾನ್ಸರ್ ಪತ್ತೆಯಾದದ್ದು 1975ರಲ್ಲಿ, ನಲವತ್ತೆರಡನೆಯ ವಯಸ್ಸಿನಲ್ಲಿ. ರೋಗ ಮುಂದುವರಿದಿತ್ತು. ಆರೋಗ್ಯ ವಿಮೆ ಇರಲಿಲ್ಲ. ಸ್ನೇಹಿತರು ಹಣ ಕೂಡಿಸಿದರು. ಅತಿ ತೀವ್ರವಾದ ಶಸ್ತ್ರಚಿಕಿತ್ಸೆಯ ಬಳಿಕ ದೀರ್ಘಕಾಲದ ಔಷಧೋಪಚಾರವನ್ನು ಅವರು ಆರಿಸಿಕೊಂಡರು. ಆ ಕಾಲದಲ್ಲೇ ಬರೆದ ‘ಇಲ್‌ನೆಸ್ ಆ್ಯಸ್ ಮೆಟಫರ್’ 1978ರಲ್ಲಿ ಮೊದಲು ‘ನ್ಯೂಯಾರ್ಕ್ ರಿವ್ಯೂ ಆಫ್ ಬುಕ್ಸ್’ ಪತ್ರಿಕೆಯಲ್ಲಿ, ಅನಂತರ ಪುಸ್ತಕರೂಪದಲ್ಲಿ ಪ್ರಕಟವಾಯಿತು. ರೋಗವನ್ನು ಉಪಮೆಯಾಗಿ ಬಳಸುವುದೇ ರೋಗಿಗೆ ಮಾಡುವ ಅನ್ಯಾಯ ಎಂಬುದು ಅದರ ಪ್ರತಿಪಾದನೆ.

ಹತ್ತೊಂಬತ್ತನೆಯ ಶತಮಾನದ ಯೂರೋಪಿನಲ್ಲಿ ಕ್ಷಯವನ್ನು ಸೂಕ್ಷ್ಮ ಮನಸ್ಸಿನವರ, ಕವಿಗಳ ರೋಗವೆಂದು ಅಲಂಕರಿಸಿದ್ದರು. ಇಪ್ಪತ್ತನೆಯ ಶತಮಾನದಲ್ಲಿ ಕ್ಯಾನ್ಸರನ್ನು ಅದುಮಿಟ್ಟ ಭಾವನೆಗಳ ರೋಗವೆಂದು ಕರೆದರು. ಕೋಪವನ್ನು ನುಂಗಿದವನಿಗೆ, ಆಸೆಯನ್ನು ಹತ್ತಿಕ್ಕಿದವನಿಗೆ ಈ ರೋಗ ಬರುತ್ತದೆ ಎಂಬ ಮನೋವೈಜ್ಞಾನಿಕ ಊಹೆಗಳು ಪ್ರಚಾರದಲ್ಲಿದ್ದವು. ಸೋಂಟಾಗ್ ಇವೆಲ್ಲವನ್ನೂ ಪಟ್ಟಿಮಾಡಿ, ಇದು ಹಳೆಯ ಪಾಪದಂಡನೆಯ ಕಲ್ಪನೆಯೇ ಹೊಸ ವೇಷ ತೊಟ್ಟು ಬಂದದ್ದು ಎಂದು ತೋರಿಸಿದರು. ಕ್ಷಯರೋಗದ ಸೂಕ್ಷ್ಮಾಣು 1882ರಲ್ಲಿ ಪತ್ತೆಯಾಗಿ, ಮುಂದೆ ಸ್ಟ್ರೆಪ್ಟೋಮೈಸಿನ್ ಮೊದಲಾದ ಔಷಧಿಗಳು ಬಂದೊಡನೆ ಅದರ ಸುತ್ತಲಿನ ಕಾವ್ಯವೂ ಕರಗಿತು. ಕಾರಣ ತಿಳಿಯದ ರೋಗಕ್ಕೇ ಕಥೆಗಳು ಅಂಟಿಕೊಳ್ಳುತ್ತವೆ ಎಂಬ ಈ ವಿಶ್ಲೇಷಣೆ ಇಂದಿಗೂ ಸರಿಯಾಗಿಯೇ ನಿಂತಿದೆ.

ಅವರ ಎರಡನೆಯ ಆಕ್ಷೇಪ ಯುದ್ಧದ ಭಾಷೆಯ ಮೇಲೆ. 1971ರ ಡಿಸೆಂಬರಿನಲ್ಲಿ ಅಧ್ಯಕ್ಷ ನಿಕ್ಸನ್ ರಾಷ್ಟ್ರೀಯ ಕ್ಯಾನ್ಸರ್ ಕಾಯಿದೆಗೆ ಸಹಿ ಹಾಕಿದಂದಿನಿಂದ ಅಮೆರಿಕದಲ್ಲಿ ‘ಕ್ಯಾನ್ಸರಿನ ಮೇಲೆ ಯುದ್ಧ’ ಎಂಬ ಮಾತು ನೆಲೆಯೂರಿತು. ಕನ್ನಡದ ವಾಚಕರಿಗೂ ಇದು ಅಪರಿಚಿತವಲ್ಲ. ‘ಕ್ಯಾನ್ಸರ್ ವಿರುದ್ಧ ಸಮರ’, ‘ಕ್ಯಾನ್ಸರ್ ಗೆದ್ದವರು’ ಎಂಬ ತಲೆಬರಹಗಳು ನಮ್ಮ ಪತ್ರಿಕೆಗಳಲ್ಲಿ ಸಾಮಾನ್ಯ. ಭ್ರಷ್ಟಾಚಾರವನ್ನು ಸಮಾಜದ ಕ್ಯಾನ್ಸರ್ ಎಂದು ಕರೆಯದ ಭಾಷಣವೂ ಅಪರೂಪ. ಹೇಳುವವರ ಉದ್ದೇಶ ಒಳ್ಳೆಯದೇ. ಆದರೆ ಐದು ವರ್ಷಗಳ ಬಳಿಕ ರೋಗ ಮರುಕಳಿಸಿದವರ ಸ್ಥಿತಿಯನ್ನು ಯೋಚಿಸಬೇಕು. ಹಿಂದಿನ ವರ್ಷ ‘ಗೆದ್ದವರು’ ಎಂದು ಶಾಲು ಹೊದಿಸಿಕೊಂಡವರು ಈ ವರ್ಷ ಸೋತವರೇ? ಮರುಕಳಿಸುವಿಕೆಗೆ ಜೀವಕೋಶಗಳ ಗುಣ ಕಾರಣವೇ ಹೊರತು ರೋಗಿಯ ಪರಾಕ್ರಮದ ಕೊರತೆ ಕಾರಣವಲ್ಲ. ಅಂತೆಯೇ, ‘ಯಾವ ಪಾಪದ ಫಲವೋ’ ಎಂದು ರೋಗಿಯ ಮಂಚದ ಬಳಿಯಲ್ಲೇ ನಿಟ್ಟುಸಿರಿಡುವ ಬಂಧುಗಳು ನಮ್ಮಲ್ಲಿ ಇಲ್ಲದಿಲ್ಲ. ಸಾಂತ್ವನಕ್ಕೆಂದು ಬಂದವರು ತೀರ್ಪು ಕೊಟ್ಟು ಹೋಗುತ್ತಾರೆ. ಮಾತೂ ಹಿಂಸೆಯಾಗಬಲ್ಲದು ಎಂಬುದಕ್ಕೆ ಸೋಂಟಾಗ್ ಅವರ ಪುಸ್ತಕದಷ್ಟು ವಿವರವಾದ ನಿದರ್ಶನ ದೊರೆಯುವುದು ಕಷ್ಟ.

ಆದಾಗ್ಯೂ ಪುಸ್ತಕದಲ್ಲಿ ಒಂದು ವಿರೋಧಾಭಾಸ ಉಂಟೆಂದು ವಿಮರ್ಶಕರು ಬಹುಕಾಲದಿಂದ ಗುರುತಿಸಿದ್ದಾರೆ. ಉಪಮೆಯನ್ನು ವಿರೋಧಿಸುವ ಈ ಕೃತಿ ಆರಂಭವಾಗುವುದೇ ಆರೋಗ್ಯ ಮತ್ತು ಅನಾರೋಗ್ಯಗಳೆಂಬ ಎರಡು ರಾಜ್ಯಗಳ ಪೌರತ್ವದ ಉಪಮೆಯಿಂದ. 1967ರಲ್ಲಿ ಬಿಳಿಯ ಜನಾಂಗವನ್ನೇ ಕ್ಯಾನ್ಸರಿಗೆ ಹೋಲಿಸಿ ಬರೆದವರು ಸ್ವತಃ ಸೋಂಟಾಗ್. ಅದನ್ನು ಅವರು ಈ ಪುಸ್ತಕದಲ್ಲಿ ಮರೆಮಾಚದೆ ಉಲ್ಲೇಖಿಸಿರುವುದು ಗಮನಾರ್ಹ. ಉಪಮೆಯಿಲ್ಲದೆ ಮನುಷ್ಯ ಮಾತನಾಡಲಾರ. ಆದುದರಿಂದ ಎಲ್ಲ ಉಪಮೆಗಳನ್ನೂ ಬಿಡಬೇಕೆಂಬ ಅವರ ವಾದವನ್ನು ಅಕ್ಷರಶಃ ಒಪ್ಪುವುದಕ್ಕಿಂತ, ಉಪಮೆಯ ಭಾರ ಯಾರ ಮೇಲೆ ಬೀಳುತ್ತದೆ ಎಂದು ಪ್ರತಿಸಲ ವಿಚಾರಿಸುವುದು ಹೆಚ್ಚು ಕಾರ್ಯಸಾಧ್ಯ.

ಇದಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ಪುಸ್ತಕದಲ್ಲೆಲ್ಲೂ ಅವರು ತಾವು ರೋಗಿಯೆಂದು ಹೇಳಿಕೊಳ್ಳುವುದಿಲ್ಲ. ಹನ್ನೊಂದು ವರ್ಷಗಳ ಬಳಿಕ, 1989ರ ‘ಏಡ್ಸ್ ಆ್ಯಂಡ್ ಇಟ್ಸ್ ಮೆಟಫರ್ಸ್’ ಕೃತಿಯಲ್ಲಿ ಮಾತ್ರ ಆ ವಿಷಯ ಬರುತ್ತದೆ. ಕಣ್ಣೀರಿನ ಇನ್ನೊಂದು ಕಥೆಗಿಂತ ವಿಚಾರವೇ ಇತರ ರೋಗಿಗಳಿಗೆ ಉಪಯೋಗವಾದೀತು ಎಂಬುದು ಅವರ ಸಮರ್ಥನೆ. ಅದು ಸಂಯಮದ ನಿರ್ಧಾರ, ಗೌರವಕ್ಕೆ ಅರ್ಹ. ಆದರೆ ಆ ಸಂಯಮದಿಂದಾಗಿ ಕಾಯುವಿಕೆಯ ಅನುಭವ, ಅನಿಶ್ಚಯದ ಅನುಭವ ಪುಸ್ತಕದಿಂದ ಹೊರಗೇ ಉಳಿಯಿತು. ಅದನ್ನು ತುಂಬಿಕೊಡುವ ಕೆಲಸ ಮಗನ ಪಾಲಿಗೆ ಬಂತು.

ಮಗನ ಇಕ್ಕಟ್ಟು

1998ರಲ್ಲಿ ಸೋಂಟಾಗ್ ಅವರಿಗೆ ಗರ್ಭಕೋಶದ ಸಾರ್ಕೋಮಾ ಬಂತು. ಅದರಿಂದಲೂ ಪಾರಾದರು. 2004ರ ವಸಂತದಲ್ಲಿ ರಕ್ತಪರೀಕ್ಷೆಯಲ್ಲಿ ಮೂರನೆಯ ರೋಗ ಕಾಣಿಸಿತು. ಅಸ್ಥಿಮಜ್ಜೆಯಲ್ಲಿ ರಕ್ತಕಣಗಳು ಸರಿಯಾಗಿ ಬೆಳೆಯದೆ, ಮುಂದೆ ತೀವ್ರ ರಕ್ತ ಕ್ಯಾನ್ಸರಾಗಿ ಮಾರ್ಪಡಬಲ್ಲ ಮೈಯಲೋಡಿಸ್‌ಪ್ಲಾಸ್ಟಿಕ್ ಸಿಂಡ್ರೋಮ್ ಎಂಬುದು ಅದರ ಹೆಸರು. ಕೆಲವು ಕೀಮೋ ಔಷಧಿಗಳೂ ವಿಕಿರಣವೂ ವರ್ಷಗಳ ಬಳಿಕ ಈ ರೋಗವನ್ನು ಉಂಟುಮಾಡಬಲ್ಲವು ಎಂಬುದು ವೈದ್ಯಶಾಸ್ತ್ರಕ್ಕೆ ತಿಳಿದ ವಿಷಯ. ಒಮ್ಮೆ ಉಳಿಸಿದ ಚಿಕಿತ್ಸೆಯೇ ಮತ್ತೊಮ್ಮೆ ಕೊಲ್ಲುವ ಕಾರಣವಾಗುವ ಸಾಧ್ಯತೆಯನ್ನು ಹೊತ್ತು ಬದುಕುವುದು ಮರುಕಳಿಸುವ ಕ್ಯಾನ್ಸರಿನ ವಿಶೇಷ ದುಃಖ.

ರೀಫ್ ಅವರ ಪುಸ್ತಕ ಈ ಒಂಬತ್ತು ತಿಂಗಳ ಕಥೆ. ವೈದ್ಯರೊಬ್ಬರು ಉಪಾಯವಿಲ್ಲವೆಂದು ಮುಖಕ್ಕೆ ಹೇಳಿದರು. ಸೋಂಟಾಗ್ ಒಪ್ಪಲಿಲ್ಲ. ಸಿಯಾಟಲಿನ ಫ್ರೆಡ್ ಹಚಿನ್ಸನ್ ಕೇಂದ್ರದಲ್ಲಿ ಅಸ್ಥಿಮಜ್ಜೆಯ ಕಸಿಗೆ ಹೋದರು. ಆಗ ಅವರಿಗೆ ಎಪ್ಪತ್ತೊಂದು ವರ್ಷ. ಕಸಿ ಫಲಿಸಲಿಲ್ಲ. 2004ರ ಡಿಸೆಂಬರ್ 28ರಂದು ನ್ಯೂಯಾರ್ಕಿನಲ್ಲಿ ತೀರಿಕೊಂಡರು.

ಈ ಕಾಲದಲ್ಲಿ ತಾಯಿ ಮಗನಿಂದ ಬಯಸಿದ್ದು ಒಂದೇ: ಉಳಿಯುವೆನೆಂಬ ಭರವಸೆ. ಮಗನಿಗೆ ಒಳಗೊಳಗೇ ಆ ನಂಬಿಕೆ ಇರಲಿಲ್ಲ. ಆದರೂ ಆಕೆ ಕೇಳಬಯಸಿದ್ದನ್ನೇ ಹೇಳಿದರು. ಪರಿಣಾಮವಾಗಿ ಮರಣದ ಮಾತು ಇಬ್ಬರ ನಡುವೆ ಬರಲೇ ಇಲ್ಲ. ವಿದಾಯದ ಮಾತೂ ಆಡಲಾಗಲಿಲ್ಲ. ತಾನು ಮಾಡಿದ್ದು ಸರಿಯೇ ಎಂಬ ಪ್ರಶ್ನೆಯನ್ನು ರೀಫ್ ಪುಸ್ತಕದುದ್ದಕ್ಕೂ ಮತ್ತೆ ಮತ್ತೆ ಕೇಳುತ್ತಾರೆ. ಉತ್ತರಕ್ಕೆ ತಲುಪುವುದಿಲ್ಲ. ಇದರಿಂದ ಪುಸ್ತಕ ಸುತ್ತಿದಲ್ಲೇ ಸುತ್ತುತ್ತದೆ ಎಂಬ ಟೀಕೆಗೆ ಆಧಾರವಿದೆ. ಆದರೆ ಆ ಸುತ್ತಾಟವೇ ಅದರ ಸತ್ಯ. ಆರೈಕೆ ಮಾಡಿದವರ ಮನಸ್ಸು ವರ್ಷಗಟ್ಟಲೆ ಹಾಗೆಯೇ ಸುತ್ತುತ್ತಿರುತ್ತದೆ.

ಇಲ್ಲಿ ಎರಡು ವಿಷಯಗಳನ್ನು ಬೇರ್ಪಡಿಸಬೇಕು. ಮೊದಲನೆಯದು ಸೋಂಟಾಗ್ ಅವರ ತರ್ಕ. 1975ರಲ್ಲಿ ಅಂಕಿಗಳು ವಿರುದ್ಧವಾಗಿದ್ದರೂ ಉಳಿದೆ, 1998ರಲ್ಲಿಯೂ ಉಳಿದೆ, ಆದುದರಿಂದ ಈ ಸಲವೂ ಉಳಿಯಬಲ್ಲೆ ಎಂಬುದು ಅವರ ಭರವಸೆಯ ಆಧಾರವಾಗಿತ್ತು. ಗೂಲ್ಡ್ ಅವರ ಭರವಸೆಗೂ ಇದಕ್ಕೂ ವ್ಯತ್ಯಾಸವಿದೆ. ಗೂಲ್ಡ್ ತಮ್ಮ ಈ ರೋಗ, ಈ ವಯಸ್ಸು, ಈ ಚಿಕಿತ್ಸೆಗಳನ್ನು ತೂಗಿದರು. ಸೋಂಟಾಗ್ ಹಿಂದಿನ ಎರಡು ಖಾತೆಗಳ ಲಾಭವನ್ನು ಮೂರನೆಯ ಖಾತೆಗೆ ಜಮೆ ಮಾಡಿದರು. ಆ ರೋಗಗಳೇ ಬೇರೆ, ವಯಸ್ಸೂ ಬೇರೆ. ರೋಗದ ಬಗೆಗಿನ ಭ್ರಮೆಗಳನ್ನು ಕಳಚಲು ಪುಸ್ತಕ ಬರೆದವರು ತಮ್ಮ ವಿಷಯದಲ್ಲಿ ಒಂದು ಭ್ರಮೆಯನ್ನು ಉಳಿಸಿಕೊಂಡರು. ಇದನ್ನು ಆಕ್ಷೇಪದ ದನಿಯಲ್ಲಿ ಹೇಳುವ ಅಧಿಕಾರ ಆರೋಗ್ಯವಂತರಿಗೆ ಇಲ್ಲ. ಎರಡು ಸಲ ಸಾವಿನ ದವಡೆಯಿಂದ ಪಾರಾದವರಿಗೆ ಮೂರನೆಯ ಸಲ ಅಂಕಿಯನ್ನು ನಂಬು ಎಂದು ಹೇಳುವುದು ಸುಲಭವಲ್ಲ.

ಎರಡನೆಯದು ಮಗನ ಮಾತು. ನಮ್ಮ ಮನೆಗಳಲ್ಲಿ ರೋಗದ ಹೆಸರನ್ನೇ ರೋಗಿಯಿಂದ ಮುಚ್ಚಿಡುವ ಪದ್ಧತಿ ಬಹಳ ಕಾಲದಿಂದ ಇದೆ. ವರದಿಯನ್ನು ಹಿರಿಯ ಮಗ ಓದಿ ಜೇಬಿಗೆ ಸೇರಿಸುತ್ತಾನೆ. ತಂದೆಗೆ ‘ಹುಣ್ಣು, ವಾಸಿಯಾಗುತ್ತದೆ’ ಎನ್ನುತ್ತಾನೆ. ರೀಫ್ ಮಾಡಿದ್ದು ಇದನ್ನಲ್ಲ. ಸೋಂಟಾಗ್ ಅವರಿಗೆ ರೋಗದ ಹೆಸರು, ಅಂಕಿ, ಅಪಾಯ ಎಲ್ಲವೂ ತಿಳಿದಿತ್ತು. ಎಲ್ಲ ತಿಳಿದೂ ಅವರು ಭರವಸೆಯನ್ನು ಕೇಳಿದರು. ರೋಗಿಯ ಹಕ್ಕಿನ ವಿಷಯವನ್ನು ಅವಳಿಂದ ಕಸಿದುಕೊಳ್ಳುವ ಸುಳ್ಳು ಒಂದು. ರೋಗಿಯೇ ಬೇಡಿದ ಆಸರೆಯನ್ನು ಕೊಡುವ ಮಾತು ಇನ್ನೊಂದು. ಮೊದಲನೆಯದು ಅಪಹರಣಕ್ಕೆ ಸಮ. ಎರಡನೆಯದು ಕ್ಷಮ್ಯ, ಆದರೆ ಅದಕ್ಕೂ ಬೆಲೆ ತೆರಬೇಕು. ಆ ಬೆಲೆಯನ್ನು ತೆತ್ತವರು ರೀಫ್. ಪುಸ್ತಕವೇ ಅದರ ರಸೀದಿ.

ಹಣದ ಮಾತನ್ನೂ ರೀಫ್ ಮರೆಮಾಚಿಲ್ಲ. ಸರಕಾರದ ಮೆಡಿಕೇರ್ ವಿಮೆ ಆ ಹಂತದಲ್ಲಿ ಕಸಿಯ ಖರ್ಚನ್ನು ಭರಿಸಲು ಒಪ್ಪಲಿಲ್ಲ. 2,56,000 ಡಾಲರ್ ಮುಂಗಡ ಕಟ್ಟಬೇಕಾಯಿತು. ಇದು ತಾಯಿಗೆ ಸಾಧ್ಯವಾಯಿತು, ಇತರರಿಗೆ ಸಾಧ್ಯವಾಗದು ಎಂಬುದನ್ನು ಅವರು ಬಲ್ಲರು; ಅದು ನ್ಯಾಯವೆಂದು ವಾದಿಸುವುದಿಲ್ಲ. ಭರವಸೆಗೂ ಒಂದು ದರ ಇದೆ ಎಂಬ ಈ ಕಹಿ ಸತ್ಯವನ್ನು ಗೂಲ್ಡ್ ಮುಟ್ಟಲಿಲ್ಲ, ಕಲಾನಿಧಿಯೂ ಹೆಚ್ಚು ಮುಟ್ಟಲಿಲ್ಲ. ಹೊಲ ಮಾರಿ, ಒಡವೆ ಅಡವಿಟ್ಟು ಚಿಕಿತ್ಸೆ ಮಾಡಿಸುವ ನಾಡಿನ ವಾಚಕರು ಈ ಪುಟಗಳನ್ನು ಎರಡು ಸಲ ಓದುವರು.

ಕಾಲದ ಪ್ರಶ್ನೆ

ಕಲಾನಿಧಿಯವರ ಪುಸ್ತಕ ಸ್ಕ್ಯಾನ್ ಚಿತ್ರಗಳಿಂದಲೇ ಆರಂಭವಾಗುತ್ತದೆ. ಅಂಥ ಚಿತ್ರಗಳನ್ನು ಎಷ್ಟೋ ನೋಡಿದ್ದ ವೈದ್ಯರು ಅವರು. ಈ ಸಲ ಚಿತ್ರ ತಮ್ಮದೇ ದೇಹದ್ದು. 2013ರಲ್ಲಿ, ಸ್ಟ್ಯಾನ್‌ಫರ್ಡಿನಲ್ಲಿ ನರಶಸ್ತ್ರವೈದ್ಯಕೀಯದ ತರಬೇತಿ ಮುಗಿಯುವ ಹೊತ್ತಿಗೆ, ಶ್ವಾಸಕೋಶದ ಕ್ಯಾನ್ಸರ್ ಬೇರೆ ಅಂಗಗಳಿಗೂ ಹರಡಿರುವುದು ತಿಳಿಯಿತು. ಗಡ್ಡೆಯಲ್ಲಿ ಇಜಿಎಫ್‌ಆರ್ ಎಂಬ ವಂಶವಾಹಿಯ ಬದಲಾವಣೆ ಇದ್ದುದರಿಂದ ಎರ್ಲೋಟಿನಿಬ್ ಎಂಬ ಮಾತ್ರೆ ಕೆಲಸಮಾಡಿತು, ಗಡ್ಡೆಗಳು ಕುಗ್ಗಿದವು, ಅವರು ಮತ್ತೆ ಶಸ್ತ್ರಚಿಕಿತ್ಸಾ ಕೊಠಡಿಗೆ ಮರಳಿದರು. ಇಂಥ ಮಾತ್ರೆಗಳಿಗೆ ಕ್ಯಾನ್ಸರ್ ಕೋಶಗಳು ಕ್ರಮೇಣ ಒಗ್ಗಿಕೊಳ್ಳುತ್ತವೆ. ಮುಂದಿನ ಒಂದು ಸ್ಕ್ಯಾನಿನಲ್ಲಿ ಬಲ ಶ್ವಾಸಕೋಶದಲ್ಲಿ ಹೊಸ ಗಡ್ಡೆ ಕಂಡಿತು. 2015ರ ಮಾರ್ಚಿನಲ್ಲಿ, ಮೂವತ್ತೇಳನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು. ಅಪೂರ್ಣವಾಗಿ ಉಳಿದ ಪುಸ್ತಕಕ್ಕೆ ಪತ್ನಿ ಲೂಸಿ ಉಪಸಂಹಾರ ಬರೆದರು.

ಸ್ಕ್ಯಾನ್ ಎಂದರೇನು ಎಂಬುದನ್ನು ಇಲ್ಲಿ ಸಂಕ್ಷೇಪವಾಗಿ ನೆನೆಯುವುದು ಉಚಿತ. ಪೆಟ್ ಸ್ಕ್ಯಾನಿನಲ್ಲಿ ವಿಕಿರಣಶೀಲ ಫ್ಲೋರಿನ್ ಸೇರಿಸಿದ ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತಾರೆ. ಕ್ಯಾನ್ಸರ್ ಕೋಶಗಳು ಸಕ್ಕರೆಯನ್ನು ಹೆಚ್ಚಾಗಿ ಹೀರುವುದರಿಂದ ಆ ಭಾಗ ಹೊಳೆಯುತ್ತದೆ. ಸಾಮಾನ್ಯ ಉರಿಯೂತವೂ ಹಾಗೆಯೇ ಹೊಳೆಯಬಲ್ಲದು. ಮತ್ತೊಂದೆಡೆ, ಕೆಲವೇ ಮಿಲಿಮೀಟರಿನಷ್ಟಿರುವ ಗಂಟು ಕಾಣದೆ ಹೋಗಬಹುದು. ಕಾಣುವಷ್ಟು ದೊಡ್ಡದಾಗುವ ಹೊತ್ತಿಗೆ ಅದರಲ್ಲಿ ಕೋಟಿಗಟ್ಟಲೆ ಕೋಶಗಳಿರುತ್ತವೆ. ಆದುದರಿಂದ ‘ಏನೂ ಇಲ್ಲ’ ಎಂಬ ವರದಿಗೆ ‘ಕಾಣುವಂಥದ್ದೇನೂ ಇಲ್ಲ’ ಎಂದಷ್ಟೇ ಅರ್ಥ. ‘ಏನೋ ಇದೆ’ ಎಂಬ ವರದಿಗೆ ‘ಇನ್ನೂ ನೋಡಬೇಕು’ ಎಂದರ್ಥ. ಯಂತ್ರ ಎಷ್ಟೇ ಸೂಕ್ಷ್ಮವಾದರೂ ಸಂಶಯ ಪೂರ್ತಿ ಅಳಿಯದು. ವೈದ್ಯನಾಗಿ ಇದನ್ನು ಬಲ್ಲ ಕಲಾನಿಧಿಗೂ ರೋಗಿಯಾಗಿ ಕಾಯುವುದು ಸುಲಭವಾಗಲಿಲ್ಲ. ಜ್ಞಾನದಿಂದ ಭಯ ಹೋಗುತ್ತದೆ ಎಂಬ ನಂಬಿಕೆಯನ್ನು ಈ ಪುಸ್ತಕ ಮೆಲ್ಲಗೆ ತಿದ್ದುತ್ತದೆ.

ಅವರ ಪ್ರಶ್ನೆ ಸರಳ. ಉಳಿದಿರುವುದು ಕೆಲವೇ ತಿಂಗಳಾದರೆ ಕುಟುಂಬದೊಡನೆ ಕಳೆಯಬಹುದು. ಒಂದು ವರ್ಷವಾದರೆ ಪುಸ್ತಕ ಬರೆಯಬಹುದು. ಹತ್ತು ವರ್ಷವಾದರೆ ವೃತ್ತಿಗೆ ಮರಳಬಹುದು. ಎಷ್ಟೆಂದು ತಿಳಿಯದಿದ್ದರೆ ಏನು ಮಾಡಬೇಕು? ಅವರ ವೈದ್ಯೆ ಬದುಕುಳಿಯುವ ಅಂಕಿಗಳನ್ನು ಚರ್ಚಿಸಲು ಒಪ್ಪಲಿಲ್ಲ. ನಿಮಗೆ ಯಾವುದು ಮುಖ್ಯವೆಂದು ಮೊದಲು ಕಂಡುಕೊಳ್ಳಿ ಎಂಬುದು ಆಕೆಯ ಧೋರಣೆ. ಗೂಲ್ಡ್ ಅವರಿಗೆ ಅಂಕಿ ಬೆಳಕಾಯಿತು. ಕಲಾನಿಧಿಗೆ ಅಂಕಿಯಿಂದ ಬೆಳಕು ಸಿಗಲಿಲ್ಲ. ನೂರು ಜನರಲ್ಲಿ ಎಷ್ಟು ಮಂದಿ ಉಳಿಯುವರೆಂದು ಅದು ಹೇಳಬಲ್ಲದು. ನಾಳೆ ಬೆಳಿಗ್ಗೆ ಎದ್ದು ಏನು ಮಾಡಬೇಕೆಂದು ಹೇಳಲಾರದು. ಪುಸ್ತಕದ ಅತ್ಯಂತ ಮಾನವೀಯ ಕ್ಷಣವೂ ಇದಕ್ಕೇ ಸಂಬಂಧಿಸಿದ್ದು. ಕೊನೆಯ ದಿನಗಳಲ್ಲಿ, ಅಷ್ಟು ಕಾಲ ಅಂಕಿ ಹೇಳದಿದ್ದ ಅದೇ ವೈದ್ಯೆ ಇನ್ನೂ ಐದು ಒಳ್ಳೆಯ ವರ್ಷಗಳಿವೆ ಎಂದುಬಿಡುತ್ತಾಳೆ. ಅದು ಲೆಕ್ಕವಲ್ಲ, ಪ್ರಾರ್ಥನೆ ಎಂದು ಕಲಾನಿಧಿ ಗ್ರಹಿಸುತ್ತಾರೆ, ಆಕೆಯನ್ನು ದೂರುವುದಿಲ್ಲ. ರೀಫ್ ತಾಯಿಗೆ ಕೊಟ್ಟದ್ದನ್ನೇ ಇಲ್ಲಿ ವೈದ್ಯೆ ರೋಗಿಗೆ ಕೊಡುತ್ತಾಳೆ. ವ್ಯತ್ಯಾಸವಿಷ್ಟೇ: ಕಲಾನಿಧಿ ಅದನ್ನು ಪ್ರೀತಿಯೆಂದು ಸ್ವೀಕರಿಸಿದರು, ವಾಗ್ದಾನವೆಂದು ಸ್ವೀಕರಿಸಲಿಲ್ಲ.

ಈ ಅನಿಶ್ಚಯದಲ್ಲೇ ಪತಿಪತ್ನಿಯರು ಮಗುವನ್ನು ಪಡೆಯಲು ನಿರ್ಧರಿಸಿದರು. 2014ರ ಜುಲೈಯಲ್ಲಿ ಮಗಳು ಹುಟ್ಟಿದಳು. ಕೊನೆಗೆ ಉಸಿರಾಟ ಕಷ್ಟವಾದಾಗ ಕೃತಕ ಉಸಿರಾಟದ ನಾಳವನ್ನು ಅವರು ಬೇಡವೆಂದರು. ಮನೆಯವರೆಲ್ಲ ಸುತ್ತ ಇದ್ದರು. ಹೇಳಬೇಕಾದ ಮಾತನ್ನು ಹೇಳಿದರು. ಲೂಸಿಯವರ ಉಪಸಂಹಾರ ಇದನ್ನು ಆಡಂಬರವಿಲ್ಲದೆ ದಾಖಲಿಸುತ್ತದೆ. ಪುಸ್ತಕದ ಅತ್ಯುತ್ತಮ ಗದ್ಯ ಅಲ್ಲಿಯೇ ಇದೆ ಎಂದರೂ ತಪ್ಪಿಲ್ಲ. ಕಲಾನಿಧಿಯವರ ಶೈಲಿ ಕೆಲವೆಡೆ ಅತಿಯಾಗಿ ಸಾಹಿತ್ಯಿಕವಾಗುತ್ತದೆ. ಕಾವ್ಯದ ಉಲ್ಲೇಖಗಳು ನೋವಿನ ಮೇಲೆ ಶಾಲು ಹೊದಿಸಿದಂತೆ ಕಾಣುತ್ತವೆ. ಲೂಸಿಯವರ ಪುಟಗಳಲ್ಲಿ ಆ ಶಾಲು ಇಲ್ಲ.

ಹೋಲಿಕೆಯ ಮಿತಿ

ಈ ಎರಡು ಮರಣಗಳನ್ನು ಅಕ್ಕಪಕ್ಕದಲ್ಲಿಟ್ಟು, ಕಲಾನಿಧಿ ಚೆನ್ನಾಗಿ ಸತ್ತರು, ಸೋಂಟಾಗ್ ಚೆನ್ನಾಗಿ ಸಾಯಲಿಲ್ಲ ಎಂದು ಅಂಕ ಕೊಡುವ ಪ್ರವೃತ್ತಿ ಓದುಗರಲ್ಲಿ ಉಂಟಾಗುವುದು ಸಹಜ. ಅದನ್ನು ತಡೆಯಬೇಕು. ರೋಗಿಗೆ ಸೋಲುಗೆಲುವಿನ ಹಣೆಪಟ್ಟಿ ಹಚ್ಚುವುದು ತಪ್ಪಾದರೆ, ಸಾಯುವವರಿಗೆ ದರ್ಜೆ ನೀಡುವುದೂ ಅದೇ ಜಾತಿಯ ತಪ್ಪು. ಶಾಂತವಾಗಿ ಒಪ್ಪಿಕೊಳ್ಳುವುದು ಒಂದು ಸ್ವಭಾವ. ಕೊನೆಯ ಉಸಿರಿನವರೆಗೂ ಬದುಕನ್ನು ಬಯಸುವುದು ಇನ್ನೊಂದು ಸ್ವಭಾವ. ಹೊರಗಿನವರ ಕರ್ತವ್ಯ ಬೇರೆಯಿದೆ.

ಆ ಕರ್ತವ್ಯವನ್ನು ಈ ಕೃತಿಗಳ ಆಧಾರದಿಂದ ಹೀಗೆ ಹೇಳಬಹುದು. ರೋಗಿಗೆ ತಿಳಿಯುವ ಇಚ್ಛೆಯಿದ್ದರೆ ಅಂಕಿಯನ್ನು ಪೂರ್ತಿ ಕೊಡಬೇಕು, ಮಧ್ಯಾಂಕವೊಂದನ್ನೇ ಎಸೆದು ಹೋಗಬಾರದು. ಪ್ರತಿ ಹೊಸ ವರದಿಯೊಂದಿಗೆ ಅದನ್ನು ಹೊಸದಾಗಿ ವಿವರಿಸಬೇಕು. ಇಚ್ಛೆಯಿಲ್ಲದಿದ್ದರೆ ಒತ್ತಾಯಿಸಬಾರದು; ಆದರೆ ತಿಳಿಯಬೇಕೆ ಬೇಡವೆ ಎಂದು ಕೇಳುವುದನ್ನಂತೂ ಬಿಡಬಾರದು. ಕಾರಣ ಹುಡುಕಿ ರೋಗಿಯ ಮನಸ್ಸಿನ ಮೇಲೆ, ನಡತೆಯ ಮೇಲೆ, ಪೂರ್ವಾರ್ಜಿತದ ಮೇಲೆ ಹೊರಿಸಬಾರದು. ಭರವಸೆ ಕೊಡುವಾಗ ಅದು ಯಾವ ಆಧಾರದ ಮೇಲೆ ನಿಂತಿದೆ ಎಂಬುದನ್ನು ಕೊಡುವವನಾದರೂ ತನ್ನೊಳಗೆ ಅರಿತಿರಬೇಕು. ಹಾಗೂ ವಿದಾಯದ ಮಾತಿಗೆ ಒಂದು ಸಣ್ಣ ಬಾಗಿಲನ್ನು ತೆರೆದಿಟ್ಟಿರಬೇಕು. ಒಳಗೆ ಬರುವುದೂ ಬಿಡುವುದೂ ರೋಗಿಯ ಇಚ್ಛೆ. ರೀಫ್ ಅವರ ಅಳಲೆಲ್ಲ ಆ ಬಾಗಿಲು ಮುಚ್ಚಿಯೇ ಇತ್ತೆಂಬುದರ ಸುತ್ತ ಇದೆ.

ಓದುವವರಿಗೆ ಒಂದು ಕ್ರಮವನ್ನು ಸೂಚಿಸುವುದಾದರೆ, ಹೊಸದಾಗಿ ರೋಗ ಪತ್ತೆಯಾದವರು ಗೂಲ್ಡ್ ಅವರ ಪ್ರಬಂಧದಿಂದ ಆರಂಭಿಸಬಹುದು. ಅದು ಚಿಕ್ಕದು, ಲೆಕ್ಕದ ಭಯವನ್ನು ಕಡಿಮೆಮಾಡುತ್ತದೆ. ರೋಗಿಯನ್ನು ನೋಡಲು ಹೋಗುವ ಬಂಧುಮಿತ್ರರು ಸೋಂಟಾಗ್ ಅವರನ್ನು ಓದಬೇಕು, ಸಾಧ್ಯವಾದರೆ ಹೋಗುವ ಮೊದಲೇ. ವರದಿಯನ್ನು ಜೇಬಿನಲ್ಲಿಟ್ಟುಕೊಂಡ ಮಕ್ಕಳು ರೀಫ್ ಅವರನ್ನು ಓದಲಿ. ಮುಂದಿನ ಸ್ಕ್ಯಾನಿಗೆ ಇನ್ನೂ ಆರು ವಾರ ಕಾಯಬೇಕಾದವರು, ಅವರ ಜೊತೆಯಲ್ಲಿ ಕಾಯುವವರು ಕಲಾನಿಧಿಯವರನ್ನು ಕೈಗೆತ್ತಿಕೊಳ್ಳಲಿ. ಆರು ವಾರ ಎಂಬುದು ಬರಿಯ ಕಾಯುವಿಕೆಯೆಂದು ಕಳೆದುಹೋಗದೆ, ಅದೂ ಆಯುಷ್ಯದ ಲೆಕ್ಕಕ್ಕೇ ಸೇರಿದ್ದು ಎಂಬುದು ಆ ಪು��ಗಳಿಂದ ಅವರಿಗೆ ಮನವರಿಕೆಯಾದರೆ ಅದು ಸಣ್ಣ ಉಪಕಾರವೇನಲ್ಲ.